ಹೆಸರಿನ ಹಣೆಬರಹ

ಹುಟ್ಟಿದ ಕೂಸಿಗೆ ಇಟ್ಟದ್ದು ಅಂಕಿತನಾಮ, ಗುಣದಿಂದ ಬಂದದ್ದು ಅನ್ವರ್ಥನಾಮ ಎಂಬುದು ನಮ್ಮ ವೈಯಾಕರಣರ ವಿಂಗಡಣೆ. ಇವೆರಡೂ ಎಷ್ಟು ದೂರ ಸರಿಯಬಲ್ಲವೆಂಬುದಕ್ಕೆ ಇಟಲಿಯ ‘ಬೆನಿಟೊ’ ಎಂಬ ಹೆಸರೇ ನಿದರ್ಶನ.

‘ಅನುಗ್ರಹ ಪಡೆದವನು’ ಎಂಬರ್ಥದ ಲ್ಯಾಟಿನ್ ‘ಬೆನೆಡಿಕ್ಟಸ್’ ಇಟಲಿಯಲ್ಲಿ ಬೆನೆಡೆಟ್ಟೊ ಆಯಿತು, ಸ್ಪೇನಿನಲ್ಲಿ ಬೆನಿಟೊ ಆಯಿತು. ಪ್ರೆಡಾಪಿಯೊದ ಕಮ್ಮಾರ, ಸಮಾಜವಾದಿ ಅಲೆಸ್ಸಾಂಡ್ರೊ 1883ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನಿಗೆ ಈ ಸ್ಪ್ಯಾನಿಷ್ ರೂಪವನ್ನೇ ಆರಿಸಿಕೊಂಡನು. ಫ್ರೆಂಚರ ಆಕ್ರಮಣವನ್ನು ಎದುರಿಸಿ ಗೆದ್ದ ಮೆಕ್ಸಿಕೋದ ಅಧ್ಯಕ್ಷ ಬೆನಿಟೊ ಹುವಾರೆಸ್‌ನ ಮೇಲಣ ಅಭಿಮಾನವೇ ಅದಕ್ಕೆ ಕಾರಣ.

ಆ ಮಗನೇ ಮುಸೊಲಿನಿ! 1922ರಲ್ಲಿ ಅಧಿಕಾರ ಹಿಡಿದು ಸ್ವಜನರ ಸ್ವಾತಂತ್ರ್ಯವನ್ನು ಕಸಿದನು. 1935ರಲ್ಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋದನು. ಅವನ ವೈಭವದ ದಿನಗಳಲ್ಲಿ ಅನೇಕ ತಂದೆತಾಯಿಗಳು ಹೆಮ್ಮೆಯಿಂದ ಮಕ್ಕಳಿಗೆ ಅದೇ ಹೆಸರಿಟ್ಟರು. 1945ರಲ್ಲಿ ಅವನು ಗುಂಡಿಗೆ ಬಲಿಯಾದ ಮೇಲೆ ಹೆಸರು ವಿರಳವಾಯಿತು. ಏನನ್ನೂ ಅರಿಯದ ಆ ಮಕ್ಕಳು ಮಾತ್ರ ಹಿರಿಯರ ಮೋಹದ ಹೊರೆಯನ್ನು ಹೊತ್ತೇ ಬಾಳಬೇಕಾಯಿತು.

ಹೆಸರಿಡುವುದು ನಮ್ಮ ಕೈಯಲ್ಲಿದೆ; ಅದಕ್ಕೆ ಅರ್ಥ ಕೊಡುವುದು ಬಾಳು.