ಹೊಲಿಗೆ ಬಿಚ್ಚಿದ ಮೇಲೆ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಕೈಗೆ ಅಪಾಯದ ಕಾಲ ಸುಗ್ಗಿಯ ಬೆನ್ನಿಗೇ ಬರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಭತ್ತ, ಉಳಿದ ಎರೆನೆಲದಲ್ಲಿ ಹತ್ತಿ, ತೊಗರಿ. ಬೆಳೆ ಕೈಗೆ ಬರುವ ಹೊತ್ತಿಗೆ ಹೊಲದಲ್ಲಿ ರಾಶಿ ಮಷಿನ್, ಊರಲ್ಲಿ ಜಿನ್ನಿಂಗ್ ಮಿಲ್ಲಿನ ರೋಲರ್, ದಾಲ್ ಮಿಲ್ಲಿನ ಬೆಲ್ಟ್ ಎಲ್ಲವೂ ಒಟ್ಟಿಗೆ ತಿರುಗತೊಡಗುತ್ತವೆ. ಗುಳೆ ಹೋದವರಿಗೆ ದೂರದ ಊರಿನ ಕಟ್ಟಡಗಳಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ. ರಾಶಿ ಯಂತ್ರಗಳು ದೇಶದುದ್ದಕ್ಕೂ ಎಷ್ಟು ಕೈ ತಿಂದವೆಂದರೆ, ಅದಕ್ಕಾಗಿಯೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಬೇಕಾಯಿತು.

ಬೆರಳು ತುಂಡಾದಾಗ ಮಾಡಬೇಕಾದ್ದು ಇಷ್ಟು: ತುಂಡನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಆ ಚೀಲವನ್ನು ಐಸಿನ ಮೇಲಿಡುವುದು. ನೇರವಾಗಿ ಐಸಿಗೆ ತಾಗಿಸಿದರೆ ಅಂಗಾಂಶ ಸಾಯುತ್ತದೆ. ಮುಂದಿನದು ಶಸ್ತ್ರವೈದ್ಯರ ಕೆಲಸ. ಅವರ ಕೆಲಸ ಮುಗಿದ ಮೇಲೆ, ಹೊಲಿಗೆ ಬಿಚ್ಚಿ ಮನೆಗೆ ಬಂದ ಕೈ ಮತ್ತೆ ದುಡಿಮೆಗೆ ಮರಳುವವರೆಗಿನ ತಿಂಗಳುಗಳದ್ದೇ ಈ ಅಧ್ಯಾಯ.

ಬೆರಳುಗಳ ಒಳಗೆ ಅವನ್ನು ಮಡಚುವ ಸ್ನಾಯುಗಳಿಲ್ಲ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಮುಷ್ಟಿ ಬಿಗಿಯುತ್ತ ಇನ್ನೊಂದು ಕೈಯಿಂದ ಮುಂದೋಳನ್ನು ಹಿಡಿದು ನೋಡಬೇಕು. ಎಳೆಯುವ ಶಕ್ತಿ ಇರುವುದು ಅಲ್ಲಿ. ಅಲ್ಲಿಂದ ಹೊರಟ ಬಿಳಿ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಹೆಬ್ಬೆರಳೊಂದನ್ನು ಬಿಟ್ಟು ಪ್ರತಿ ಬೆರಳಿಗೂ ಮಡಚುವ ರಜ್ಜು ಎರಡೆರಡು. ಅಂಗೈಯ ಕೊನೆಯ ಗೆರೆಯಿಂದ ಬೆರಳಿನ ನಡುಭಾಗದವರೆಗೆ ಈ ಎರಡೂ ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ, ಪಾಯಜಾಮದ ಪಟ್ಟಿಯೊಳಗಿನ ಲಾಡಿಯಂತೆ ಸರಿದಾಡುತ್ತವೆ. ದರ್ಜಿ ಕೈತಪ್ಪಿ ಪಟ್ಟಿಯ ಜೊತೆ ಲಾಡಿಯನ್ನೂ ಹೊಲಿದುಬಿಟ್ಟರೆ ಆಮೇಲೆ ಎಷ್ಟು ಎಳೆದರೂ ಅದು ಬರುವುದಿಲ್ಲ. ಕತ್ತರಿಸಿ ಜೋಡಿಸಿದ ರಜ್ಜಿಗೆ ಆಗುವುದೂ ಅದೇ. ಗಾಯ ಮಾಯಿಸುವ ಅಂಟು ರಜ್ಜನ್ನು ರಜ್ಜಿಗೆ ಕೂಡಿಸುವಾಗ ಸುತ್ತಲ ಕೊಳವೆಗೂ ಕೂಡಿಸಿಬಿಡುತ್ತದೆ. ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನೆಲ್ ಈ ಜಾಗವನ್ನು ಯಾರಿಗೂ ಸೇರದ ಸೀಮೆ ಎಂದು ಕರೆದಿದ್ದ. ಅಲ್ಲಿ ತುಂಡಾದ ರಜ್ಜನ್ನು ಕೂಡಲೇ ಹೊಲಿಯಬಾರದು, ಗಾಯ ಮಾಯ್ದ ಮೇಲೆ ಬೇರೆ ಕಡೆಯಿಂದ ರಜ್ಜು ತಂದು ಕಸಿ ಮಾಡಬೇಕು ಎನ್ನುವುದೇ ದಶಕಗಳ ಕಾಲ ವೈದ್ಯರ ಕಟ್ಟಳೆಯಾಗಿತ್ತು.

ಅದನ್ನು ಸಡಿಲಿಸಿದ್ದರಲ್ಲಿ ಒಂದು ರಬ್ಬರ್ ಬ್ಯಾಂಡಿನ ಪಾಲೂ ಇದೆ! ಕೆಂಟಕಿಯ ಹೆರಾಲ್ಡ್ ಕ್ಲೈನರ್ಟ್ 1960ರ ದಶಕದಲ್ಲಿ ರಜ್ಜನ್ನು ಆಗಲೇ ಹೊಲಿದು, ಬೆರಳಿನ ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಅದರ ಇನ್ನೊಂದು ತುದಿಯನ್ನು ಮಣಿಕಟ್ಟಿನ ಕಡೆ ಸಿಕ್ಕಿಸಿದ. ರೋಗಿ ಬೆರಳನ್ನು ತಾನಾಗಿ ಬಿಡಿಸುತ್ತಾನೆ, ಮಡಚುವ ಕೆಲಸ ಬ್ಯಾಂಡಿನದು. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ, ರಜ್ಜು ಮಾತ್ರ ಸರಿಯುತ್ತಲೇ ಇರುತ್ತದೆ. ಇಂದಿನ ವಿಧಾನಗಳು ಇದಕ್ಕಿಂತ ಮುಂದೆ ಹೋಗಿವೆ, ಆದರೆ ತತ್ವ ಅದೇ: ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ, ಚಿಕಿತ್ಸಕರ ಕಣ್ಣೆದುರು, ಅಳತೆಯಿಟ್ಟು ಅಲುಗಾಡಿಸುವುದು.

ಮನೆಯಲ್ಲಿ ಸಿಗುವ ಬುದ್ಧಿಮಾತು ಇದಕ್ಕೆ ತಿರುಗಾಮುರುಗಾ. "ಕೈ ಅಲುಗಾಡಿಸಬ್ಯಾಡ ತಮ್ಮಾ, ಹೊಲಿಗಿ ಬಿಚ್ಚೀತು." ಪ್ರೀತಿಯಿಂದ ಹೇಳಿದ ಈ ಮಾತು ಕೆಡಿಸಿದಷ್ಟು ಕೈಗಳನ್ನು ಸೋಂಕೂ ಕೆಡಿಸಿರಲಿಕ್ಕಿಲ್ಲ. ಜೋಳಿಗೆಯಲ್ಲಿ ಸುಮ್ಮನೆ ನೇತುಬಿದ್ದ ಕೈ ಬಾತುಕೊಳ್ಳುತ್ತದೆ, ಕೀಲು ಬಿಗಿಯುತ್ತದೆ, ರಜ್ಜು ಅಂಟುತ್ತದೆ. ಎದುರು ತುದಿಯ ತಪ್ಪೂ ಉಂಟು. ಹೊಲಿದ ರಜ್ಜು ದುಡಿಮೆಯ ಪೂರ್ತಿ ಭಾರ ತಡೆಯಲು ಸುಮಾರು 12 ವಾರ ಬೇಕು. ಐದನೆಯ ವಾರವೇ ಮೂಟೆ ಎತ್ತಲು ಹೋದವನ ರಜ್ಜು ಹರಿಯಬಹುದು.

ಅವನು ಐದನೆಯ ವಾರವೇ ಹೋಗುವುದೇಕೆ? ಉತ್ತರ ಕಾಯ್ದೆಯಲ್ಲಿದೆ. ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯ ಕಾರ್ಖಾನೆಯಲ್ಲಿ ಕೈಗೆ ಪೆಟ್ಟಾದರೆ ವಾಸಿಯಾಗುವವರೆಗೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಆದರೆ 2025ರವರೆಗೆ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆ ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು, ಹತ್ತಿ ಜಿನ್ನಿಂಗನ್ನು ಆ ಪಟ್ಟಿಯಲ್ಲಿ ಹೆಸರಿಟ್ಟೇ ಸೇರಿಸಿತ್ತು. ಅಲ್ಲಿನ ಕೆಲಸಗಾರನಿಗೆ ಉಳಿಯುತ್ತಿದ್ದುದು, ಅದೇ 2025ರವರೆಗೆ ಜಾರಿಯಲ್ಲಿದ್ದ, 1923ರ ಪರಿಹಾರ ಕಾಯ್ದೆಯ ದಾರಿ: ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ 25, ಅಂದರೆ ತಿಂಗಳಿಗೆ ಅರ್ಧ ಸಂಬಳ, ಅದೂ ಮಾಲೀಕ ಕೊಟ್ಟರೆ. ರಜ್ಜು ಕೇಳುವ 12 ವಾರವನ್ನು ಮನೆಯ ಖರ್ಚು ಕೊಡುವುದಿಲ್ಲ.

ನರದ ಲೆಕ್ಕ ಬೇರೆ. ರಜ್ಜು ಎಳೆಯುವ ಹುರಿಯಾದರೆ ನರ ಸುದ್ದಿ ಒಯ್ಯುವ ತಂತಿ. ಕತ್ತರಿಸಿ ಹೊಲಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ತುಂಡಾದರೆ ಬೆರಳ ತುದಿಗೆ ಸ್ಪರ್ಶ ಮರಳಲು ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಬಿಸಿ ಹೆಂಚು ತಾಗಿದ್ದೂ ತಿಳಿಯುವುದಿಲ್ಲ. ಮರಳುವಾಗ ಮುಟ್ಟಿದ್ದೆಲ್ಲ ಶಾಕ್ ಹೊಡೆದಂತೆ. ಇದನ್ನು ಪಳಗಿಸಲು ಚಿಕಿತ್ಸಕರು ಹೇಳಿಕೊಡುವ ಅಭ್ಯಾಸಕ್ಕೆ ಇಲ್ಲಿನ ಅಡುಗೆಮನೆಯೇ ಸಾಕು. ಮೊದಲು ಹತ್ತಿಯಲ್ಲಿ ಬೆರಳಾಡಿಸುವುದು, ಆಮೇಲೆ ಅಕ್ಕಿಯಲ್ಲಿ, ಕಡೆಗೆ ತೊಗರಿಯಲ್ಲಿ. ಹಿಡಿತ ಬಲಪಡಿಸಲು ದುಬಾರಿ ಮೇಣದ ಮುದ್ದೆಯೇ ಬೇಕೆಂದಿಲ್ಲ, ವೈದ್ಯರು ಒಪ್ಪಿದ ಹಂತದಲ್ಲಿ ರೊಟ್ಟಿಯ ಹಿಟ್ಟು ನಾದಿದರಾಯಿತು.

ಇಷ್ಟೆಲ್ಲ ಆದ ಮೇಲೂ ಕೆಲವರು ಮಿಲ್ಲಿನ ಗೇಟಿನವರೆಗೆ ಹೋಗಿ ಮರಳುತ್ತಾರೆ. ಬೆಲ್ಟಿನ ಸದ್ದು ಕೇಳಿದರೆ ಬೆವರು. ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ಮನೋವಿಜ್ಞಾನಿ ಬ್ರಾಡ್ ಗ್ರುನರ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕೈಗೆ ಪೆಟ್ಟಾದವರ ಮನಸ್ಸಿಗೆ ನುಗ್ಗಿಬರುವ ಚಿತ್ರಗಳನ್ನು ಮೂರು ಬಗೆಯಾಗಿ ಬಿಡಿಸಿದರು. ಕೆಲವರಿಗೆ ಘಟನೆ ಪೆಟ್ಟಿನ ಕ್ಷಣದವರೆಗೆ ಮತ್ತೆ ಮತ್ತೆ ಓಡುತ್ತದೆ. ಕೆಲವರಿಗೆ ಛಿದ್ರವಾದ ಕೈ ಮಾತ್ರ ಕಾಣುತ್ತದೆ. ಮೂರನೆಯವರಿಗೆ ಆಗಿದ್ದಕ್ಕಿಂತ ಘೋರವಾದದ್ದು, ತೋಳೇ ಹೋದಂತೆ, ಕಾಣುತ್ತದೆ. ಮೊದಲನೆಯವರು ಕೆಲಸಕ್ಕೆ ಸುಲಭವಾಗಿ ಮರಳಿದರು, ಮೂರನೆಯವರಿಗೆ ಅದು ಎಲ್ಲರಿಗಿಂತ ಕಷ್ಟವಾಯಿತು. ಗ್ರುನರ್ಟ್ ತಂಡ ಕಂಡುಕೊಂಡ ಮದ್ದು ರಬ್ಬರ್ ಬ್ಯಾಂಡಿನ ನೆಂಟನೇ: ಅಳತೆಯಿಟ್ಟು ಎದುರಾಗುವುದು. ನಿಂತ ಯಂತ್ರವನ್ನು ದೂರದಿಂದ ನೋಡುವುದು, ಬೇರೆಯವರು ನಡೆಸುವಾಗ ಪಕ್ಕದಲ್ಲಿ ನಿಲ್ಲುವುದು, ಆಮೇಲೆ ಜೊತೆಗೊಬ್ಬರನ್ನಿಟ್ಟುಕೊಂಡು ಸ್ವಲ್ಪ ಹೊತ್ತು ತಾನೇ ನಡೆಸುವುದು. "ಆ ಮಿಲ್ಲಿನ ಕಡಿ ಹಾಯಬ್ಯಾಡಪ್ಪಾ" ಎಂಬ ತಾಯಿಯ ಮಾತು ಭಯವನ್ನು ಕೀಲಿನಂತೆಯೇ ಬಿಗಿಯಾಗಿಸುತ್ತದೆ. ಆದರೆ ಬೆಲ್ಟಿಗೆ ಇನ್ನೂ ಜಾಳಿಗೆ ಹಾಕಿಲ್ಲವೆಂದರೆ ಅವನ ಭಯವೇ ಸರಿ. ಆಗ ಚಿಕಿತ್ಸೆ ಬೇಕಾದ್ದು ಯಂತ್ರಕ್ಕೆ.

ಹಳೆಯ ಕೆಲಸವೇ ಆಗುತ್ತದೆಯೇ ಎಂಬುದು ಯಾವ ಬೆರಳು ಹೋಯಿತು ಎಂಬುದರ ಮೇಲೆ ನಿಂತಿದೆ. 1923ರ ಕಾಯ್ದೆಯ ಪಟ್ಟಿಯಲ್ಲಿ ದುಡಿಮೆಯ ಶಕ್ತಿಯ ನಷ್ಟ ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ 14, ಕಿರುಬೆರಳಿಗೆ ಬರೀ 7 ಎಂದಿತ್ತು. ಪೆನ್ನು ಹಿಡಿಯುವವನಿಗೆ ಈ ಲೆಕ್ಕ ಒಪ್ಪಬಹುದು. ಗುದ್ದಲಿ ಹಿಡಿಯುವವನ ಬಿಗಿಹಿಡಿತ ಉಂಗುರಬೆರಳು, ಕಿರುಬೆರಳುಗಳ ಕಡೆಯಲ್ಲಿದೆ. ತೋರುಬೆರಳು ಹೋದರೆ ಅದರ ಕೆಲಸವನ್ನು ನಡುಬೆರಳು ಬಲುಬೇಗ ಕಲಿಯುತ್ತದೆ. ಪಟ್ಟಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 1975ರಲ್ಲೇ ಹೇಳಿದೆ. ಎಡಗೈ ಮೊಣಕೈಯ ಮೇಲೆ ತುಂಡಾದ ಬಡಗಿಯೊಬ್ಬ ಇನ್ನು ಬಡಗಿಯಾಗಿ ದುಡಿಯಲಾರ, ಆದ್ದರಿಂದ ಅವನ ನಷ್ಟ ಪೂರ್ತಿ ನೂರಕ್ಕೆ ನೂರು ಎಂದು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ತೀರ್ಪು ಬಂತು.

ಯಾದಗಿರಿಗೆ ಈಗ ತನ್ನದೇ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಮೂರೂ ತಾಲ್ಲೂಕುಗಳ ಕೈಗಳ ದಾಖಲೆ ಇಟ್ಟರೆ ಈ ಅಧ್ಯಾಯವನ್ನು ಇನ್ನೂ ಚೆನ್ನಾಗಿ ಬರೆಯಬಹುದು. ದೊಡ್ಡ ಉಪಕರಣವೇನೂ ಬೇಡ. ಯಾವ ಯಂತ್ರ, ಅದಕ್ಕೆ ಜಾಳಿಗೆ ಇತ್ತೇ, ಯಾವ ಬೆರಳು, ಪೆಟ್ಟಾದ ಎಷ್ಟನೆಯ ದಿನ ಕೈ ಅಲುಗಾಡಿಸಲು ಹೇಳಿಕೊಟ್ಟರು, ಎಷ್ಟನೆಯ ವಾರ ದುಡಿಮೆಗೆ ಮರಳಿದರು, ಅದೇ ಕೆಲಸಕ್ಕೋ ಬೇರೆಯದಕ್ಕೋ, ಮತ್ತು ಈಗಿನ ಕೂಲಿ ಎಷ್ಟು.