ದೀವರ ಚಿತ್ತಾರ: ಗೋಡೆಯಿಂದ ಇಳಿದ ಗೆರೆ ಯಾರ ಸ್ವತ್ತು?

ಬೆಂಗಳೂರು: ಮಲೆನಾಡಿನ ಮಣ್ಣಿನ ಗೋಡೆಯ ಮೇಲೆ ಹುಟ್ಟಿದ ದೀವರ ಚಿತ್ತಾರ ಈಗ ಕಾಗದ, ಬಟ್ಟೆ ಹಾಗೂ ಹಲಗೆಯ ಮೇಲೂ ಮೂಡುತ್ತಿದೆ. ರಾಜಾಜಿನಗರ ಅಥವಾ ವಿಜಯನಗರದ ಮನೆಯೊಂದರ ಹಜಾರದಲ್ಲಿ ಚೌಕಟ್ಟಿನೊಳಗೆ ಅದು ಕಂಡರೆ ಅಚ್ಚರಿಯೇನಿಲ್ಲ. ಆದರೆ ಗೋಡೆಯಿಂದ ಇಳಿದು ಮಾರುಕಟ್ಟೆಗೆ ಬಂದ ಗೆರೆಯ ಜತೆ ಅದನ್ನು ಎಳೆದ ಮಹಿಳೆಯ ಹೆಸರೂ ಬಂದಿದೆಯೇ, ಹಣದಲ್ಲಿ ಆಕೆಯ ಪಾಲೆಷ್ಟು ಎಂಬ ಪ್ರಶ್ನೆಗಳು ಉಳಿದಿವೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಹಾಗೂ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕುಗಳಲ್ಲಿ ನೆಲೆಸಿರುವ ದೀವರು ಮುಖ್ಯವಾಗಿ ಕೃಷಿಕರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಭೂಮಾಲೀಕರ ಎದುರು ನಿಂತ ಗೇಣಿದಾರರಲ್ಲಿ ಹೆಚ್ಚಿನವರು ಈ ಸಮುದಾಯದವರೇ. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡ ಆ ಹೋರಾಟ ರಾಮಮನೋಹರ ಲೋಹಿಯಾ ಅವರನ್ನೂ ಸೆಳೆದು, ಅವರ ಬಂಧನಕ್ಕೂ ಕಾರಣವಾಯಿತು. ದುಡಿದವರಿಗೆ ಸಲ್ಲಬೇಕಾದ ಪಾಲಿನ ಪ್ರಶ್ನೆ ಈ ಜನರಿಗೆ ಹೊಸದಲ್ಲ.

ಅಕ್ಕಿಯ ಬಿಳಿ, ಅಕ್ಕಿಯದೇ ಕಪ್ಪು

ಚಿತ್ತಾರ ಬರೆಯುವವರು ಮುಖ್ಯವಾಗಿ ಮಹಿಳೆಯರು. ನುರಿತವಳನ್ನು ಚಿತ್ತಾರಗಿತ್ತಿ ಎನ್ನುತ್ತಾರೆ. ಇದಕ್ಕೆ ಶಾಲೆಯಿಲ್ಲ. ತಾಯಿ, ಅಜ್ಜಿಯರ ಪಕ್ಕದಲ್ಲಿ ಕುಳಿತು ನೋಡುತ್ತಾ ಹುಡುಗಿ ಕೈ ಪಳಗಿಸಿಕೊಳ್ಳುತ್ತಾಳೆ.

ಸಾಮಗ್ರಿಯೆಲ್ಲ ಹಿತ್ತಿಲು, ಗದ್ದೆ, ಕಾಡಿನದು. ಹಿನ್ನೆಲೆಗೆ ಕೆಮ್ಮಣ್ಣು. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕರಕಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರೇ ಕುಂಚ. ಇಷ್ಟರಿಂದಲೇ ತೆಳುವಾದ ನೇರ ಗೆರೆಗಳನ್ನು ಒತ್ತೊತ್ತಾಗಿ ಎಳೆದು, ಚೌಕ, ತ್ರಿಕೋನಗಳನ್ನು ಜೋಡಿಸಿ ಆಕೃತಿ ಕಟ್ಟಲಾಗುತ್ತದೆ. ಕೈ ನಡುಗಿದರೆ ಗೆರೆ ಕೆಡುತ್ತದೆ. ಬಾಸಿಂಗ, ತೇರು, ಭತ್ತದ ತೆನೆ, ವಧೂವರರು ಎಲ್ಲರೂ ಗೆರೆಗಳ ಲೆಕ್ಕಕ್ಕೆ ಒಳಪಟ್ಟವರೇ.

ಮದುವೆಯಲ್ಲಿ ವಧೂವರರು ಕೂರುವ ತಾಣದ ಗೋಡೆಗೆ ಬರೆಯುವುದು ಹಸೆ ಚಿತ್ತಾರ. ಭೂಮಿ ಹುಣ್ಣಿಮೆಗೆ ಬೆತ್ತ ಬಿದಿರಿನ ಬುಟ್ಟಿಗಳ ಮೇಲೆ ಬರೆಯುವುದು ಭೂಮಣ್ಣಿ ಬುಟ್ಟಿಯ ಚಿತ್ತಾರ. ತೆನೆ ಕಟ್ಟುವ ಹೊತ್ತಿನ ಪೈರನ್ನು ಬಸುರಿಯೆಂದು ಬಗೆದು, ಬಗೆಬಗೆಯ ಅಡುಗೆಯನ್ನು ಈ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಚರಗ ಚೆಲ್ಲುತ್ತಾರೆ. ಇಲ್ಲಿ ಚಿತ್ರ ಆಚರಣೆಯ ಒಂದು ಅಂಗ. ಹಬ್ಬ ಮುಗಿದ ಮೇಲೆ ಗೋಡೆಯ ಗೆರೆ ಮಾಸುತ್ತದೆ, ಮತ್ತೆ ಕೆಮ್ಮಣ್ಣು ಬಳಿದಾಗ ಮರೆಯಾಗುತ್ತದೆ. ಆದ್ದರಿಂದಲೇ ಹೆಸರು ಬರೆಯುವ ರೂಢಿ ಬೆಳೆಯಲಿಲ್ಲ. ಬರೆದವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು.

ಸಿಮೆಂಟ್ ಗೋಡೆ, ಕಲ್ಯಾಣ ಮಂಟಪಗಳು ಈ ಲೆಕ್ಕವನ್ನು ಬದಲಿಸಿದವು. ಚಿತ್ತಾರ ಉಳಿಯಬೇಕಾದರೆ ಕಾಗದಕ್ಕೆ ಇಳಿಯಬೇಕಾಯಿತು. ಕಾಗದಕ್ಕೆ ಇಳಿದದ್ದು ಊರು ದಾಟಿತು, ಹೆಸರು ಮಾತ್ರ ಊರಲ್ಲೇ ಉಳಿಯಿತು.

ಮರುಭೂಮಿಯ ಪಾಠ

ಇದೇ ದಾರಿಯನ್ನು ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳು ಮೊದಲೇ ತುಳಿದಿದ್ದರು. ಮರಳಿನ ಮೇಲೆ, ಮೈಮೇಲೆ ಬರೆಯುತ್ತಿದ್ದ ಆಕೃತಿಗಳನ್ನು ಪಾಪುನ್ಯ ಎಂಬಲ್ಲಿನ ಹಿರಿಯರು 1971ರಲ್ಲಿ ಶಿಕ್ಷಕ ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ ಶಾಲೆಯ ಗೋಡೆಗೂ ಹಲಗೆಗೂ ತಂದರು. ಮರುವರ್ಷವೇ ಕಲಾವಿದರದೇ ಒಡೆತನದ ಕಂಪನಿ ಹುಟ್ಟಿತು. ಗೋಡೆಚಿತ್ರಕ್ಕೆ ಮಾತ್ರ 1974ರಲ್ಲಿ ಬಣ್ಣ ಬಳಿಯಲಾಯಿತು.

ಅದೇ ನಾಡಿನ ಎಮಿಲಿ ಕಾಮ ಉಂಗ್ವಾರೆ ಎಂಬತ್ತರ ಆಸುಪಾಸಿನಲ್ಲಿ ಕ್ಯಾನ್ವಾಸ್ ಹಿಡಿದವರು. ಹೆಂಗಸರ ಆಚರಣೆಯ ಮೈಚಿತ್ರ, ನೆಲದಡಿಯ ಗೆಣಸು ಅವರ ವಸ್ತು. 1996ರಲ್ಲಿ ತೀರಿಕೊಳ್ಳುವುದರೊಳಗೆ, ಸುಮಾರು ಎಂಟು ವರ್ಷಗಳಲ್ಲಿ, ಅವರು ಬರೆದ ಚಿತ್ರಗಳು ಅಂದಾಜು 3000. ಅವುಗಳಲ್ಲೊಂದು 2007ರ ಹರಾಜಿನಲ್ಲಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಅನುಮತಿಯಿಲ್ಲದೆ ವಿಯೆಟ್ನಾಂನಲ್ಲಿ ಜಮಖಾನೆಗೆ ನೇಯಿಸಿದ ಪ್ರಕರಣದಲ್ಲಿ ನ್ಯಾಯಾಲಯ 1994ರಲ್ಲಿ ಕಲಾವಿದರ ಪರ ತೀರ್ಪಿತ್ತಿತು. 2010ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನು ಮರುಮಾರಾಟದಲ್ಲಿ ಕಲಾವಿದರಿಗೆ ಶೇ 5ರಷ್ಟು ಪಾಲು ಕೊಡುತ್ತದೆ.

ನಮ್ಮ ಕಾನೂನು ಏನನ್ನುತ್ತದೆ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಬ್ಬಾಕೆ ಸ್ವಂತವಾಗಿ ರಚಿಸಿದ ಚಿತ್ರದ ಹಕ್ಕು ರಚಿಸಿದ ಕ್ಷಣದಿಂದಲೇ ಆಕೆಯದು; ನೋಂದಣಿ ಕಡ್ಡಾಯವಲ್ಲ. ಆಕೆಯ ಕಾಲಾನಂತರವೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಕಲಾಕೃತಿಯ ಮೂಲ ಪ್ರತಿ 10,000 ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ರಚಿಸಿದವರಿಗೆ ಇಲ್ಲವೇ ವಾರಸುದಾರರಿಗೆ ಪಾಲು ಕೇಳುವ ಅವಕಾಶವನ್ನು ಕಾಯ್ದೆಯ 53ಎ ಕಲಂ ನೀಡಿದೆ. ಈ ಪಾಲು ಶೇ 10ನ್ನು ಮೀರುವಂತಿಲ್ಲ.

ತೊಡಕಿರುವುದು ಪರಂಪರೆಯಿಂದ ಬಂದ ಆಕೃತಿಗಳಲ್ಲಿ. ಬಾಸಿಂಗದ ಮಾದರಿಯನ್ನು ಮೊದಲು ಎಳೆದವಳು ಯಾರೆಂದು ಹೇಳಲಾಗದು. ಹೀಗಾಗಿ ಯಾರು ಬೇಕಾದರೂ ಅದನ್ನು ಪರದೆಗೋ ಸೀರೆಗೋ ಅಚ್ಚು ಹಾಕಬಹುದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಕಿನ್ನಾಳ ಗೊಂಬೆಗಳಿಗೆ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆ ಹೆಸರಿನ ದುರ್ಬಳಕೆಯನ್ನು ತಡೆಯಬಲ್ಲದೇ ಹೊರತು ಮಾದರಿಯ ನಕಲನ್ನಲ್ಲ.

ಹೀಗಿರುವಾಗ ಕೊಳ್ಳುವವರ ಕೈಯಲ್ಲೂ ಒಂದಿಷ್ಟು ಇದೆ. ಚಿತ್ರ ಬರೆದವರು ಯಾರು, ಯಾವ ಊರಿನವರು ಎಂದು ಕೇಳಿ, ಹಿಂಬದಿಯಲ್ಲಿ ಹೆಸರು ಹಾಗೂ ದಿನಾಂಕ ಬರೆಸಿಕೊಂಡು, ರಸೀದಿ ಪಡೆಯುವುದು ಕಷ್ಟದ ಕೆಲಸವಲ್ಲ. ಮುಂದೊಂದು ದಿನ ಪಾಲು ಕೇಳುವ ಚಿತ್ತಾರಗಿತ್ತಿಗೆ ಆ ಒಂದು ಸಾಲೇ ಸಾಕ್ಷಿಯಾದೀತು.