ಹೊಳೆ ಉಂಟು, ಬಳಚು ಇಲ್ಲ

ಈ ಸಲದ ನಮ್ಮ ಭಿತ್ತಿಪತ್ರಿಕೆಗೆ ನಾನು ಎರಡು ಹೊಳೆಗಳ ಬಗ್ಗೆ ಬರೆದಿದ್ದೇನೆ. ಒಂದು ನಮ್ಮ ಅಘನಾಶಿನಿ. ಇನ್ನೊಂದು ನನ್ನ ಅತ್ತೆಯ ಊರಿನ ಶರಾವತಿ.

ಅಘನಾಶಿನಿ ಶಿರಸಿ ಕಡೆ ಹುಟ್ಟಿ ನಮ್ಮ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಕೆಳಗೆ ಧುಮುಕಿ, ಹೊನ್ನಾವರದ ಹತ್ತಿರ ಸಮುದ್ರ ಸೇರುತ್ತದೆ. ಎರಡೂ ನೆರೆಮನೆಯವರ ಹಾಗೆ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಆದರೆ ಶರಾವತಿಗೆ ಅಣೆಕಟ್ಟುಗಳಿವೆ. ಅಘನಾಶಿನಿಗೆ ಇಲ್ಲಿಯವರೆಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ.

ಇಳಿತದ ಹೊತ್ತಿಗೆ ನಮ್ಮೂರ ಹೊಳೆಗೆ ಹೋದರೆ ಎಷ್ಟು ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ತೆಗೆಯುತ್ತಿರುತ್ತಾರೆ ಎಂದು ನಿಮಗೆಲ್ಲ ಗೊತ್ತೇ ಉಂಟು. ನನ್ನ ಅಜ್ಜಿಯೂ ತೆಗೆಯುತ್ತಾಳೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮಾರುತ್ತಾಳೆ. ನನ್ನ ಪಟ್ಟಿ ಪುಸ್ತಕ ಬಂದದ್ದು ಆ ದುಡ್ಡಿನಲ್ಲೇ. ಚಿಪ್ಪು ಕೂಡ ದಂಡ ಅಲ್ಲ, ಅದನ್ನು ಸುಟ್ಟು ಸುಣ್ಣ ಮಾಡುತ್ತಾರೆ.

ಬೇಸಿಗೆ ರಜೆಯಲ್ಲಿ ನಾನು ಅತ್ತೆಯ ಮನೆಗೆ ಹೋಗಿದ್ದೆ. ಹೊಳೆ ನಮ್ಮದಕ್ಕಿಂತ ದೊಡ್ಡದು, ನೀರೂ ತುಂಬಿತ್ತು. "ಅತ್ತೆ, ಬಳಚು ತೆಗೆಯೂಕೆ ಹೋಗ್ವ" ಎಂದೆ. ಅತ್ತೆ ನಕ್ಕಳು. "ಹೊಳೆ ಉಂಟು ಮಗಾ, ಬಳಚು ಇಲ್ಲ. ನನ್ನ ಅತ್ತೆ ಇಲ್ಲೇ ಬುಟ್ಟಿಗಟ್ಟಲೆ ತೆಗೀತಿದ್ರಂತೆ. ಈಗ ನಾವು ಪೇಟೆಯಿಂದ ತರೂದು, ಅದೂ ನಿಮ್ಮ ಬದಿಯಿಂದ್ಲೇ ಬರೂದು" ಎಂದಳು. ನಾನು ಹೊಳೆಯ ನೀರನ್ನು ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಸಪ್ಪೆ! ಅದೇ ತಿಂಗಳಲ್ಲಿ ನಮ್ಮ ಹೊಳೆಯ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪು.

ಇದು ಎಂತಕ್ಕೆ ಹೀಗೆ ಎಂದು ನಮ್ಮ ವಿಜ್ಞಾನದ ಅಕ್ಕೋರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು. ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಮಳೆಗಾಲದಲ್ಲಿ ಘಟ್ಟದ ನೀರು ಜೋರಾಗಿ ಬಂದು ಅಳಿವೆ ಸಿಹಿಯಾಗುತ್ತದೆ. ಮಳೆ ನಿಂತ ಮೇಲೆ ಹೊಳೆ ಸಣ್ಣದಾಗುತ್ತದೆ, ಆಗ ಭರತದ ಜೊತೆ ಸಮುದ್ರದ ನೀರು ಒಳಗೆ ಬರುತ್ತದೆ, ಅಳಿವೆ ಉಪ್ಪಾಗುತ್ತದೆ. ಬಳಚು, ಸೆಟ್ಲಿ, ಏಡಿ, ನೊಗಲಿ ಎಲ್ಲವೂ ಈ ಸಿಹಿ ಉಪ್ಪಿನ ಲೆಕ್ಕಕ್ಕೆ ಹೊಂದಿಕೊಂಡು ಬದುಕುತ್ತವೆ. ನಮ್ಮ ಗಜನಿ ಗದ್ದೆಯ ಕಗ್ಗ ಭತ್ತವೂ ಹಾಗೆಯೇ, ಉಪ್ಪು ನೀರನ್ನು ತಡೆದುಕೊಳ್ಳುತ್ತದೆ.

ಶರಾವತಿಯಲ್ಲಿ ಈ ಲೆಕ್ಕ ತಪ್ಪಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಆಯಿತು. ಮಳೆಗಾಲದ ನೀರನ್ನು ಹಿಡಿದಿಟ್ಟು, ಕರೆಂಟು ಮಾಡಿ, ಬೇಸಿಗೆಯಲ್ಲೂ ಬಿಡುತ್ತಾರೆ. ಸಿಹಿನೀರು ವರ್ಷವಿಡೀ ಬರುವುದರಿಂದ ಅಳಿವೆ ಮೊದಲಿನ ಹಾಗೆ ಉಪ್ಪಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದ್ದಾರೆ. ಶರಾವತಿಯಲ್ಲಿ ಬಳಚು ಕಡಿಮೆಯಾಗಲು ಇದೇ ಕಾರಣ ಎಂದು ಅವರು ಹೇಳಿದ್ದಾರೆ.

ಇದು ಹೊಳೆಯ ಬಾಯಿಯ ಕಥೆ ಆಯಿತು. ಮೇಲೆ ಘಟ್ಟದಲ್ಲೂ ಹೊಳೆಯನ್ನು ನಂಬಿದ ಜೀವಿಗಳಿವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಅಲ್ಲಿ ಯಾವಾಗಲೂ ನೀರು ನಿಂತಿರುತ್ತದೆ. ಮರದ ಬೇರುಗಳು ಉಸಿರಾಡಲು ಮಂಡಿ ಮಡಚಿದ ಹಾಗೆ ಮಣ್ಣಿನಿಂದ ಮೇಲೆ ಬರುತ್ತವೆ. ಈ ಕಾಡುಗಳಲ್ಲಿ ಸಿಂಗಳೀಕ ಉಂಟು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ಅದು ಹೆಚ್ಚಾಗಿ ಮರದ ಮೇಲೆಯೇ ಓಡಾಡುತ್ತದೆ. ಆದ್ದರಿಂದ ಕಾಡು ನಡುವೆ ತುಂಡಾದರೆ ಆಚೆಯ ಗುಂಪು ಆಚೆ, ಈಚೆಯ ಗುಂಪು ಈಚೆ. ಲಿಂಗನಮಕ್ಕಿಯ ನೀರು ನಿಂತ ಜಾಗ ಸುಮಾರು 300 ಚದರ ಕಿ.ಮೀ. ಅದರಡಿಯಲ್ಲಿ ಕಾಡೂ ಹೋಯಿತು, ಊರುಗಳೂ ಹೋದವು.

ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಗೆಳೆಯ, "ಡ್ಯಾಂ ಬೇಡ ಅಂದ್ರೆ ಕರೆಂಟು ಎಲ್ಲಿಂದ ಬರ್ತದೆ?" ಎಂದು ಕೇಳಿದ. ಅವನು ಕೇಳಿದ್ದು ಸರಿ. ಈ ಲೇಖನವನ್ನು ನಾನು ರಾತ್ರಿ ಬಲ್ಬಿನ ಕೆಳಗೆ ಕೂತೇ ಬರೆದದ್ದು. ಶರಾವತಿಯ ಕರೆಂಟು ಇಡೀ ಕರ್ನಾಟಕಕ್ಕೆ ಬೆಳಕು ಕೊಟ್ಟಿದೆ. ಆದರೆ ಆ ಬೆಳಕಿನ ಬಿಲ್ಲನ್ನು ಅತ್ತೆಯ ಊರಿನವರು ಬಳಚು ಕೊಟ್ಟು ಕಟ್ಟಿದ್ದಾರೆ. ಅಣೆಕಟ್ಟು ಕಟ್ಟುವಾಗ ಅವರನ್ನು ಯಾರಾದರೂ ಕೇಳಿದ್ದರೇ?

ಈಗ ಅದೇ ಶರಾವತಿಯಲ್ಲಿ, ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಪಂಪು ಮಾಡಿ 2,000 ಮೆಗಾವಾಟ್ ಕರೆಂಟು ಮಾಡುವ ಯೋಜನೆ ಹಾಕಿದ್ದಾರೆ. ಅದು ಸಿಂಗಳೀಕದ ಅಭಯಾರಣ್ಯದ ಒಳಗೇ ಬರುತ್ತದೆ. ನಮ್ಮ ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ಒಯ್ಯುವ ಪ್ರಸ್ತಾಪವೂ ಬಂದಿದೆ. "ಸಮುದ್ರಕ್ಕೆ ಹೋಗಿ ದಂಡ ಆಗುವ ನೀರು" ಎಂದು ಕೆಲವರು ಹೇಳುತ್ತಾರೆ. ಆ ನೀರು ದಂಡ ಅಲ್ಲ. ಅಳಿವೆಗೆ ಸಿಹಿನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅಡುಗೆಗೆ ಉಪ್ಪು ಹಾಕಿದ ಹಾಗೆ, ಹದ ತಪ್ಪಬಾರದು. 2024ರಲ್ಲಿ ನಮ್ಮ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೆ ಸೇರಿತು. ಅದು ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ಪಟ್ಟಿ. ನಮ್ಮ ಅಜ್ಜಿ ಬಳಚು ತೆಗೆಯುವ ಹೊಳೆ ಪ್ರಪಂಚಕ್ಕೇ ಬೇಕಾದ ಹೊಳೆ ಎಂದು ಓದಿ ನನಗೆ ಬಹಳ ಖುಷಿಯಾಯಿತು.

ಗೆಳೆಯ ಗೆಳತಿಯರೇ, ಒಂದು ಕೆಲಸ ಮಾಡುವ. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು, ನಮ್ಮ ಹೊಳೆಯಲ್ಲಿ ಸಿಗುವ ಮೀನು, ಏಡಿ, ಬಳಚುಗಳ ಹೆಸರನ್ನೆಲ್ಲ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಪಟ್ಟಿ ಮಾಡುವ. ನಾಳೆ ಯಾರಾದರೂ ಬಂದು "ಈ ಹೊಳೆಯಲ್ಲಿ ಎಂತ ಉಂಟು?" ಎಂದು ಕೇಳಿದರೆ, ತೋರಿಸಲು ನಮ್ಮ ಕೈಯಲ್ಲಿ ಪಟ್ಟಿ ಇರಬೇಕು. ನನ್ನ ಅಜ್ಜಿ ಈಗಾಗಲೇ ಹೇಳಲು ಶುರು ಮಾಡಿದ್ದಾಳೆ, ನನ್ನ ಪಟ್ಟಿಯ ಒಂದು ಪುಟ ತುಂಬಿದೆ.

— 7ನೇ ತರಗತಿಯ ವಿದ್ಯಾರ್ಥಿನಿ